ತುಂಬಿದ ಹೊಳೆಯ ಮೇಲೆ ಡ್ರೋನ್ ಬೇಡ

ಅರಕೆರೆಯಲ್ಲಿ ಮದುವೆ, ನಾಮಕರಣಗಳ ವಿಡಿಯೊ ತೆಗೆಯುವುದು ನನ್ನ ಕಸುಬು. ಕನ್ನಂಬಾಡಿ ತುಂಬಿತೆಂದರೆ ಹುಡುಗರು ಬಂದು ನಿಲ್ಲುತ್ತಾರೆ: ‘ಅಣ್ಣಾ, ಹೊಳೆ ತುಂಬೈತೆ, ಡ್ರೋನ್ ತಕ್ಕೊಂಡ್ ಬಾ.’ 2025ರಲ್ಲಂತೂ ಅಣೆಕಟ್ಟೆ ಜೂನ್‌ನಲ್ಲೇ ತುಂಬಿ, 30ರಂದು ಬಾಗಿನವೂ ಆಯಿತು. ಆ ಹುಡುಗರ ಸಡಗರ ನನಗೂ ಗೊತ್ತು. ಆದರೂ ನಾನು ಹೋಗುವುದಿಲ್ಲ.

ಒಮ್ಮೆ ಹೋಗಿದ್ದೆ. ಸೋನೆಯಷ್ಟೇ ಇತ್ತು. ನಾವು ಬಳಸುವ ಬಹುತೇಕ ಡ್ರೋನ್‌ಗಳಿಗೆ ನೀರು ತಡೆಯುವ ಕವಚವಿಲ್ಲ. ಗಾಳಿಯಾಡಲು ಬಿಟ್ಟ ಸಂದುಗಳಿಂದಲೇ ಹನಿ ಒಳಗಿಳಿಯುತ್ತದೆ. ಇನ್ನೊಂದು ಅಪಾಯ ಹಲವರಿಗೆ ತಿಳಿಯದು. ಕೆಳಮಟ್ಟದಲ್ಲಿ ಹಾರುವಾಗ ಡ್ರೋನ್ ಹೊಟ್ಟೆಯಡಿಯ ಸೆನ್ಸರ್‌ನಿಂದ ನೆಲ ನೋಡಿ ನಿಲ್ಲುತ್ತದೆ. ಹರಿಯುವ ನೀರು ಅದಕ್ಕೆ ಸರಿಯುವ ನೆಲದಂತೆ ಕಂಡರೆ, ತಾನೂ ಸರಿಯತೊಡಗುತ್ತದೆ. ನನ್ನದು ಹಾಗೇ ಸರಿದು ನಡುಹೊಳೆಯ ಬಂಡೆಗೆ ಬಡಿಯಿತು.

ಹೋದ ಯಂತ್ರದ ಸಾಲವನ್ನು ಹೇಗೋ ತೀರಿಸಿದೆ. ಆದರೆ ಅದನ್ನು ತರಲೆಂದು ಹುಡುಗನೊಬ್ಬ ಚಪ್ಪಲಿ ಬಿಟ್ಟು ನೀರಿಗಿಳಿದಿದ್ದ. ರಟ್ಟೆ ಹಿಡಿದು ಎಳೆದಾಗ ಅವನ ಮೊಣಕಾಲಿನವರೆಗೆ ಕೆಂಪು ನೀರಿತ್ತು.

ಪ್ರವಾಹದಲ್ಲಿ ಸಿಕ್ಕವರನ್ನು ಹುಡುಕಲು, ತರಬೇತಾದವರು ಹಾರಿಸಲಿ. ಮೂವತ್ತು ಸೆಕೆಂಡಿನ ರೀಲ್ಸ್‌ಗೆ ನಾವು ಹಾರಿಸುವುದು ನಿಲ್ಲಬೇಕು. ನೀರು ಬಿಡುವ ದಿನ ಪಂಚಾಯ್ತಿಯವರು ಮೈಕಿನಲ್ಲಿ ಇದನ್ನೂ ಕೂಗಿ ಹೇಳಲಿ.