ಕಬ್ಬಿನ ಟ್ರೇಲರಿನ ಗಾಲಿ ನೋಡಿ, ಡೀಸೆಲ್ ಉಳಿಸಿ



ಕಬ್ಬಿನ ಬಿಲ್ಲು ಕೈಗೆ ಬಂದಾಗ ನೀವು ಮೊದಲು ನೋಡುವುದು ತೂಕ, ಆಮೇಲೆ ದರ. ಕಟಾವು ಮತ್ತು ಸಾಗಣೆಯ ಬಾಬ್ತು ಎಷ್ಟು ಮುರಿದುಕೊಂಡಿದ್ದಾರೆಂದು ಕಂಡು ನಿಟ್ಟುಸಿರು ಬಿಟ್ಟು ಸುಮ್ಮನಾಗುವವರೇ ಹೆಚ್ಚು. ಕೇಂದ್ರ ಸರ್ಕಾರ ಗೊತ್ತುಪಡಿಸುವ ಎಫ್‌ಆರ್‌ಪಿ ಎಂಬುದು ಕಾರ್ಖಾನೆಯ ಬಾಗಿಲಿಗೆ ತಲುಪಿದ ಕಬ್ಬಿನ ದರ. ಹೊಲದಿಂದ ಆ ಬಾಗಿಲವರೆಗಿನ ಖರ್ಚು ಬೆಳೆಗಾರನದೇ. ಟ್ರ್ಯಾಕ್ಟರ್ ಯಾರದೇ ಇರಲಿ, ದಾರಿಯಲ್ಲಿ ಸುಡುವ ಡೀಸೆಲಿನ ಹಣ ಕೊನೆಗೆ ನಿಮ್ಮ ಬಿಲ್ಲಿನಿಂದಲೇ ಹೋಗುತ್ತದೆ.

ಡೀಸೆಲ್ ಹೆಚ್ಚು ಹಿಡಿಯುತ್ತಿದೆ ಎಂದ ಕೂಡಲೇ ನಮ್ಮವರು ಇಂಜಿನ್ ಬಿಚ್ಚಿಸುತ್ತಾರೆ, ಪಂಪ್ ಕಟ್ಟಿಸುತ್ತಾರೆ. ಅದಕ್ಕೂ ಮೊದಲು ಹಿಂದೆ ತಿರುಗಿ ಟ್ರೇಲರನ್ನು ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಹಿರಿಯರಿಗೆ ಇದು ಹೊಸ ಮಾತಲ್ಲ. ಮರದ ಗಾಲಿಗೆ ಕಬ್ಬಿಣದ ಪಟ್ಟಿ ಬಡಿದ ಗಾಡಿಯ ಬದಲು ಟೈರಿನ ಗಾಡಿ ಬಂದಾಗ ಎತ್ತುಗಳು ಅವೇ ಇದ್ದವು, ಮೇವೂ ಅದೇ ಇತ್ತು, ಹೇರು ಮಾತ್ರ ಹೆಚ್ಚಾಯಿತು. ಕೀಲೆಣ್ಣೆ ಹಾಕದ ಗಾಡಿ ಕಿರ್ರೆಂದರೆ ಮನೆಯ ಯಜಮಾನನೇ ಎದ್ದು ಬರುತ್ತಿದ್ದ. ಎತ್ತಿನ ಹೆಗಲು ಬಾತರೆ ಕಣ್ಣಿಗೆ ಕಾಣುತ್ತಿತ್ತು. ಟ್ರ್ಯಾಕ್ಟರಿಗೆ ಹೆಗಲಿಲ್ಲ, ಅದು ಸದ್ದಿಲ್ಲದೆ ಇನ್ನೊಂದು ಲೀಟರ್ ಕುಡಿದು ಎಳೆದುಬಿಡುತ್ತದೆ.

ಅಮೆರಿಕದ ದೊಡ್ಡ ಲಾರಿಗಳ ಟ್ರೇಲರಿಗೆ ಎರಡೂ ಮಗ್ಗುಲಲ್ಲಿ ನೆಲದ ಹತ್ತಿರದವರೆಗೆ ಹಲಗೆ ಇಳಿಬಿಟ್ಟಿರುವುದನ್ನು ಕೆಲವು ಯುವಕರು ಚಿತ್ರದಲ್ಲಿ ನೋಡಿ, ನಾವೂ ಕಟ್ಟಿಸೋಣವೇ ಎಂದು ಕೇಳುತ್ತಾರೆ. ಆ ಹಲಗೆ ಗಾಳಿಯ ತಡೆಯನ್ನು ತಗ್ಗಿಸಿ ಶೇಕಡಾ ನಾಲ್ಕೈದರಷ್ಟು ಡೀಸೆಲ್ ಉಳಿಸುವುದು ನಿಜ. ಉದ್ದನೆಯ ಪೆಟ್ಟಿಗೆ ಟ್ರೇಲರುಗಳಿಗೆ ಇಂಥ ಸಲಕರಣೆ ಬೇಕೆಂದು ಕ್ಯಾಲಿಫೋರ್ನಿಯಾ ರಾಜ್ಯ 2008ರಲ್ಲಿ ನಿಯಮವನ್ನೇ ಮಾಡಿತು. ಆದರೆ ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 100 ಕಿಲೋಮೀಟರ್ ಓಡುವ ಲಾರಿಗೆ ಇರುವ ತಡೆಯಲ್ಲಿ, ಅದೇ ಆಕಾರದ ಗಾಡಿಗೆ 20 ಕಿಲೋಮೀಟರ್ ವೇಗದಲ್ಲಿ ಇರುವುದು 25ರಲ್ಲಿ ಒಂದು ಪಾಲು. ಕಬ್ಬಿನ ಟ್ರ್ಯಾಕ್ಟರಿಗೆ ಗಾಳಿ ವೈರಿಯಲ್ಲ. ಹಲಗೆಯ ದುಡ್ಡನ್ನು ಟೈರು, ಬೇರಿಂಗಿಗೆ ಹಾಕಿ.

ಒಂದು ಲೆಕ್ಕ ನೋಡೋಣ. 10 ಟನ್ ಕಬ್ಬು, 2 ಟನ್ ಟ್ರೇಲರ್, ಒಟ್ಟು 12 ಟನ್. ಉರುಳುವ ತಡೆ ಶೇಕಡಾ 2 ಎಂದಿಟ್ಟುಕೊಂಡರೆ ಸಮತಟ್ಟಾದ ರಸ್ತೆಯಲ್ಲಿ 240 ಕಿಲೋ ಬಲದಿಂದ ಎಳೆಯಬೇಕು. ಗಾಳಿ ಇಳಿದ ಟೈರು, ಒಣಗಿದ ಬೇರಿಂಗ್ ಸೇರಿ ತಡೆ ಎರಡೂವರೆಗೆ ಏರಿದರೆ 300 ಕಿಲೋ ಬೇಕು. ಡೀಸೆಲಿನ ಶಕ್ತಿಯಲ್ಲಿ ಐದನೇ ಒಂದು ಭಾಗ ಮಾತ್ರ ಎಳೆತಕ್ಕೆ ಸಿಗುತ್ತದೆಂದು ಹಿಡಿದರೆ, 20 ಕಿಲೋಮೀಟರ್ ದಾರಿಗೆ ಸುಮಾರು ಒಂದೂವರೆ ಲೀಟರ್ ಹೆಚ್ಚು. ಜೋಡಿ ಟ್ರೇಲರಾದರೆ ಮೂರು ಲೀಟರ್. ಹಂಗಾಮಿನಲ್ಲಿ 100 ಖೇಪು ಹೊಡೆದರೆ ಎಷ್ಟಾಯಿತೆಂದು ನೀವೇ ಗುಣಿಸಿಕೊಳ್ಳಿ.

ಪರೀಕ್ಷೆಗೆ ಮೆಕ್ಯಾನಿಕ್ ಬೇಕಿಲ್ಲ. ಖಾಲಿ ಟ್ರೇಲರಿಗೆ ಜಾಕ್ ಕೊಟ್ಟು ಗಾಲಿಯನ್ನು ಕೈಯಿಂದ ತಿರುಗಿಸಿ. ಹಗುರವಾಗಿ ಸುತ್ತಬೇಕು, ಗರಗರ ಎನ್ನಬಾರದು, ಹಿಡಿದು ಅಲುಗಿಸಿದರೆ ಆಡಬಾರದು. ಖೇಪು ಮುಗಿಸಿ ನಿಂತಾಗ ನಾಲ್ಕೂ ಹಬ್‌ಗಳನ್ನು ಜೋಪಾನವಾಗಿ ಮುಟ್ಟಿ ನೋಡಿ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಗ್ರೀಸ್ ಒಣಗಿದೆ, ಇಲ್ಲವೇ ಬ್ರೇಕ್ ಕಚ್ಚಿಕೊಂಡಿದೆ. ಆಮೇಲೆ ಒಂದು ಹಗ್ಗ ತನ್ನಿ. ಎರಡು ಗಾಲಿಯ ಟ್ರೇಲರಿಗೆ ಮುಂದಿನ ಕೊಕ್ಕೆಯಿಂದ ಎಡ, ಬಲ ಹಬ್‌ಗಳಿಗೂ, ನಾಲ್ಕು ಗಾಲಿಯದಕ್ಕೆ ಮುಂದಿನ ಗಾಲಿಗಳನ್ನು ನೇರ ನಿಲ್ಲಿಸಿ ಹಿಂದಿನ ಹಬ್‌ನಿಂದ ಮುಂದಿನ ಹಬ್‌ಗೂ ಅಳೆಯಿರಿ. ಎರಡೂ ಬದಿ ಅಳತೆ ಒಂದೇ ಬರಬೇಕು. ಬಾರದಿದ್ದರೆ ಅಚ್ಚು ಸೊಟ್ಟಗಿದೆ, ಟೈರು ಉರುಳುವ ಬದಲು ಅಡ್ಡಲಾಗಿ ಉಜ್ಜುತ್ತ ಬರುತ್ತಿದೆ. ಒಂದೇ ಅಂಚು ಸವೆದ ಟೈರೂ ಇದನ್ನೇ ಹೇಳುತ್ತದೆ. ಒಂದೇ ಅಚ್ಚಿಗೆ ಒಂದು ಹೊಸ ಟೈರು, ಒಂದು ಸವೆದದ್ದು ಹಾಕುವ ಉಳಿತಾಯ ಉಳಿತಾಯವೇ ಅಲ್ಲ.

ಹೇರುವ ರೀತಿಯೂ ಮುಖ್ಯ. ಎರಡು ಗಾಲಿಯ ಟ್ರೇಲರಿನಲ್ಲಿ ಭಾರ ಸ್ವಲ್ಪ ಮುಂದಕ್ಕಿದ್ದರೆ ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ಹಿಡಿತ ಸಿಗುತ್ತದೆ. ಹಿಂದಕ್ಕೆ ವಾಲಿದರೆ ಗಾಲಿ ಜಾರಿ ಸುಮ್ಮನೆ ಸುತ್ತುತ್ತದೆ. ಹಾಗೆಂದು ಕೊಕ್ಕೆಯನ್ನು ಮೇಲಕ್ಕೇರಿಸಬೇಡಿ, ಏರಿನಲ್ಲಿ ಟ್ರ್ಯಾಕ್ಟರಿನ ಮೂತಿ ಎದ್ದು ಪ್ರಾಣಕ್ಕೆ ಬಂದೀತು. ಇನ್ನು ರವದಿ. ರವದಿ, ಮಣ್ಣು ಸಮೇತ ಕಬ್ಬು ಹೇರಿ, ಡೀಸೆಲ್ ಸುಟ್ಟು ಕಾರ್ಖಾನೆಗೆ ಒಯ್ದು, ಅಲ್ಲಿ ಅದಕ್ಕೇ ತೂಕ ಮುರಿಸಿಕೊಳ್ಳುವುದು ಯಾವ ಬುದ್ಧಿವಂತಿಕೆ? ಕುಳೆ ಬೆಳೆಯ ಸಾಲಿನಲ್ಲಿ ಹರಡಿದರೆ ಅದೇ ರವದಿ ತೇವ ಕಾಯುತ್ತದೆ.

ಟ್ರೇಲರಿಗೆ ಎತ್ತರದ ಕಬ್ಬಿಣದ ಚೌಕಟ್ಟು ಬೆಸೆದು ಎರಡು ಖೇಪಿನ ಮಾಲು ಒಂದಕ್ಕೇ ಹೇರುವುದನ್ನು ಕೆಲವರು ಸುಧಾರಣೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಚೌಕಟ್ಟಿನ ಭಾರವನ್ನು ಖಾಲಿ ಬರುವಾಗಲೂ ಎಳೆಯಬೇಕು. ಟೈರು ಚಪ್ಪಟೆಯಾಗಿ ತಡೆ ಹೆಚ್ಚುತ್ತದೆ, ತಿರುವಿನಲ್ಲಿ ಪಲ್ಟಿ ಹೊಡೆದರೆ ಉಳಿಸಿದ್ದೆಲ್ಲ ಒಂದೇ ಸಂಜೆಗೆ ಹೋಯಿತು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನೋಂದಣಿಯಾದ ವಾಹನದ ಮೂಲ ರಚನೆಯನ್ನು ಮನಬಂದಂತೆ ಬದಲಿಸುವಂತೆಯೂ ಇಲ್ಲ.

ಟ್ರ್ಯಾಕ್ಟರ್ ಮಾಲೀಕನಿಗೂ ನಿಮಗೂ ನಡುವೆ ಒಂದು ಮಾತು ಆಗಬೇಕಾಗಿದೆ. ಟನ್ನಿಗೆ ಇಷ್ಟು ಎಂದು ಬಾಡಿಗೆ ಪಡೆಯುವವನು ಹೆಚ್ಚು ಹೇರಲು ನೋಡುವುದು ಸಹಜ, ಅವನ ಉಳಿತಾಯ ತಾನಾಗಿ ನಿಮ್ಮ ಬಿಲ್ಲಿಗೆ ಇಳಿಯುವುದಿಲ್ಲ. ಆದ್ದರಿಂದ ನಿಮ್ಮ ಪಾಲಿನ ಕೆಲಸವನ್ನು ಮೊದಲು ಮಾಡಿ ತೋರಿಸಿ. ಹೊಲದ ದಾರಿಯ ತಗ್ಗುಗಳಿಗೆ ನಾಲ್ಕೈದು ಮನೆಯವರು ಸೇರಿ ಗರಸು ಹಾಕಿಸಿ. ಹಸಿ ಹೊಲದೊಳಕ್ಕೆ ತುಂಬಿದ ಟ್ರೇಲರ್ ಇಳಿಸಬೇಡಿ. ಆ ಮೇಲೆ, ಕಾರ್ಖಾನೆಯ ಅಂಗಳದಲ್ಲಿ ಗಂಟೆಗಟ್ಟಲೆ ಸರದಿ ನಿಲ್ಲುವಾಗ ಇಂಜಿನ್ ಬಂದ್ ಮಾಡಬೇಕೆಂದು ಮಾಲೀಕನಿಗೂ, ಸಾಗಣೆಯ ಕಡಿತವನ್ನು ದೂರ ಮತ್ತು ದರ ಬೇರೆ ಬೇರೆ ಕಾಣುವಂತೆ ಬಿಲ್ಲಿನಲ್ಲಿ ಬರೆದು ಕೊಡಬೇಕೆಂದು ಕಾರ್ಖಾನೆಯವರಿಗೂ ಹಂಗಾಮು ಶುರುವಾಗುವ ಮೊದಲೇ ಊರಿನವರೆಲ್ಲ ಕೂಡಿ ಹೇಳಿ.