ಹಾವೇ ಆಗಲಿ
ಗ್ರಂಥಾಲಯಗಳಿಗಾಗಿ ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದಿಟ್ಟ ಐದು ಸೂತ್ರಗಳಲ್ಲಿ ಎರಡನೆಯದರ ತಾತ್ಪರ್ಯ ಇಷ್ಟೇ: ಪ್ರತಿ ಓದುಗನಿಗೂ ಅವನಿಗೆ ಒಗ್ಗುವ ಪುಸ್ತಕ ಸಿಗಬೇಕು. ಅವರು 1962ರಲ್ಲಿ ಬೆಂಗಳೂರಿನಲ್ಲೇ ಒಂದು ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಆದರೂ ಅವರ ಮಾತು ನಮ್ಮೂರಿನ ಬಹುಮಾನ ವಿತರಣೆ ಮಾಡುವವರ ಕಿವಿಗೆ ಬಿದ್ದಂತಿಲ್ಲ. ಅಮೃತಹಳ್ಳಿಯ ನಮ್ಮ ಬೀದಿಯಲ್ಲಿ ಏಳನೇ ಕ್ಲಾಸಿನ ಹುಡುಗನೊಬ್ಬನಿದ್ದಾನೆ. ಅವನಿಗೆ ಬಹುಮಾನವಾಗಿ ಬಂದ ಮಹಾಪುರುಷರ ಜೀವನಚರಿತ್ರೆಗಳೆಲ್ಲ ಬಣ್ಣದ ಕಾಗದ ಕೂಡ ಬಿಚ್ಚದೆ ಶೋಕೇಸಿನಲ್ಲಿ ಕೂತಿವೆ. “ಇವನಿಗೆ ಓದೋದು ಅಂದ್ರೆ ಅಲರ್ಜಿ ಸಾರ್” ಎಂದು ತಾಯಿಯ ಗೋಳು. ಅದೇ ಹುಡುಗ ಜಕ್ಕೂರು ಕೆರೆ ಏರಿಯ ಮೇಲೆ ನಿಂತರೆ ಹೆಜ್ಜಾರ್ಲೆ ಯಾವುದು, ನೀರುಕಾಗೆ ಯಾವುದು ಎಂದು ನನಗೇ ಪಾಠ ಹೇಳುತ್ತಾನೆ! ಅಂಥವನ ಕೈಗೆ ನೀತಿಕತೆ ತುರುಕುವುದು ದೊಡ್ಡವರ ಸೋಮಾರಿತನ ಅಷ್ಟೆ. ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿಪುಕ್ಕ’ ಕೊಟ್ಟೆ. ಹಕ್ಕಿ ಪುಸ್ತಕದ ಅನುಕೂಲವೆಂದರೆ ಅದನ್ನು ಮೊದಲಿಂದ ಕೊನೆವರೆಗೆ ಓದಲೇಬೇಕಿಲ್ಲ. ಕಂಡ ಹಕ್ಕಿಯ ಪುಟ ತೆಗೆದು, ನಾಲ್ಕು ಸಾಲು ನೋಡಿ, ಮುಚ್ಚಿಬಿಡಬಹುದು. ಪರೀಕ್ಷೆಯಿಲ್ಲ, ಸಾರಾಂಶ ಬರೆಯುವ ಕಾಟವಿಲ್ಲ. ಈಗ ಮಿಂಚುಳ್ಳಿಯ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ತಾರೀಕು, ಜಾಗ ಗೀಚಿದ್ದಾನೆ. ಪುಸ್ತಕ ಹಾಳಾಯಿತೆಂದು ಮನೆಯಲ್ಲಿ ಬೈಗುಳವೂ ಆಯಿತು. ಮುಂದೆ ತೇಜಸ್ವಿಯವರದೇ ಕಾದಂಬರಿ ‘ಕರ್ವಾಲೊ’ ಕೊಟ್ಟು ಹಾರುವ ಓತಿಯ ಬೆನ್ನು ಹತ್ತಿಸೋಣವೆಂದು ನನ್ನ ಲೆಕ್ಕಾಚಾರ. ಅವನು ಕೇಳಿದ್ದು ಮಾತ್ರ ಹಾವಿನ ಪುಸ್ತಕ, ಅದೂ ಫೋಟೊ ಜಾಸ್ತಿ ಇರುವಂಥದ್ದು. ಸರಿ, ಕಾದಂಬರಿ ಕಾಯಲಿ.