ಬ್ಯಾಕ್ಟೀರಿಯಾ ಪೊಟ್ಟಣಕ್ಕೂ ಮೊದಲು, ಮೊದಲ ಗಂಟೆಯ ಲೆಕ್ಕ ಕೊಡಿ

ಹುಟ್ಟಿದ ಕೂಸಿಗೆ ಬ್ಯಾಕ್ಟೀರಿಯಾ ಕುಡಿಸಿದರೆ ಜೀವ ಉಳಿಯುತ್ತೆ ಅಂದರೆ ನಂಬ್ತೀರಾ? ಒಡಿಶಾದ ಹಳ್ಳಿಗಳಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ.

ಡಾ. ಪಿನಾಕಿ ಪಾಣಿಗ್ರಾಹಿ ಅವರ ತಂಡ 4,556 ನವಜಾತ ಶಿಶುಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಎಂಬ ಬ್ಯಾಕ್ಟೀರಿಯಾ, ಜೊತೆಗೆ ಅದಕ್ಕೆ ಆಹಾರವಾಗುವ ಒಂದು ಬಗೆಯ ಸಕ್ಕರೆಯನ್ನು ಏಳು ದಿನ ಕೊಟ್ಟಿತು. ಇನ್ನೊಂದು ಗುಂಪಿಗೆ ಕೊಡಲಿಲ್ಲ. ಫಲಿತಾಂಶ 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಮೊದಲ ಎರಡು ತಿಂಗಳಲ್ಲಿ ಸೆಪ್ಸಿಸ್‌ಗೆ, ಅಂದರೆ ಸೋಂಕು ಮೈಯೆಲ್ಲ ನಂಜಾಗುವ ಸ್ಥಿತಿಗೆ, ಅಥವಾ ಸಾವಿಗೆ ತುತ್ತಾದವರು ಕೊಡದ ಗುಂಪಿನಲ್ಲಿ ಶೇ. 9, ಕೊಟ್ಟ ಗುಂಪಿನಲ್ಲಿ ಶೇ. 5.4.

ಕುಡಿಸಿದ್ದು ಹೊಟ್ಟೆಗೆ. ಆದರೆ ಶ್ವಾಸಕೋಶದ ಸೋಂಕೂ ಕಡಿಮೆಯಾಯಿತು. ಯಾಕೆ? ಮಗುವಿನ ರೋಗನಿರೋಧಕ ವ್ಯವಸ್ಥೆ ಯಾರು ಮಿತ್ರ, ಯಾರು ಶತ್ರು ಅಂತ ಕಲಿಯುವ ದೊಡ್ಡ ಪಾಠಶಾಲೆ ಕರುಳು. ಒಳ್ಳೆಯ ಬ್ಯಾಕ್ಟೀರಿಯಾ ಮೊದಲೇ ಬಂದರೆ, ಬಸ್ಸಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ, ಕೆಟ್ಟವಕ್ಕೆ ಜಾಗ ಸಿಗೋದು ಕಷ್ಟ.

ಹಾಗಾದರೆ ಎಲ್ಲ ಮಕ್ಕಳಿಗೂ ಒಂದು ಪೊಟ್ಟಣ ಹಂಚಿಬಿಡೋಣವೇ? ಎಂಜಿನಿಯರಿಂಗ್ ಓದುವಾಗ ಕಲಿತ ಒಂದು ಮಾತು ಇಲ್ಲಿ ಉಪಯೋಗಕ್ಕೆ ಬರುತ್ತೆ: ಪರೀಕ್ಷೆ ಯಾವ ಸ್ಥಿತಿಯಲ್ಲಿ ನಡೆಯಿತೋ, ಫಲಿತಾಂಶ ಆ ಸ್ಥಿತಿಗೆ ಮಾತ್ರ. ಒಡಿಶಾದ ಆ ಮಕ್ಕಳು ಎದೆಹಾಲು ಕುಡಿಯುತ್ತಿದ್ದವರು, ತೀರಾ ಅವಧಿಪೂರ್ವ ಹುಟ್ಟಿದವರಲ್ಲ. ಅವಧಿಗೆ ಬಹಳ ಮುಂಚೆ ಹುಟ್ಟುವ ಮಕ್ಕಳ ಕರುಳಿನ ಗೋಡೆಯೇ ಕೊಳೆಯುವ ಒಂದು ಭೀಕರ ಕಾಯಿಲೆಯಿದೆ. ಅದನ್ನು ತಡೆಯಲು ಪ್ರೋಬಯಾಟಿಕ್ ಕೊಡುವುದುಂಟು. ಆದರೆ 2023ರಲ್ಲಿ ಅಮೆರಿಕದಲ್ಲಿ ಅವಧಿಪೂರ್ವ ಹುಟ್ಟಿದ್ದ ಒಂದು ಮಗು, ಕುಡಿಸಿದ ಅದೇ ಬ್ಯಾಕ್ಟೀರಿಯಾದ ಸೋಂಕಿನಿಂದ ಸತ್ತಿತು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ವೈದ್ಯರಿಗೆ ಎಚ್ಚರಿಕೆ ಕೊಟ್ಟಿತು.

ಇನ್ನು ಎದೆಹಾಲಿನ ವಿಷಯ. ಅದರಲ್ಲಿ ಮಗುವಿಗೆ ಜೀರ್ಣವೇ ಆಗದ ಸಕ್ಕರೆಗಳಿವೆ. ಅವು ಬೈಫಿಡೋಬ್ಯಾಕ್ಟೀರಿಯಾಗಳ ಊಟ. ಅಂದರೆ ತಾಯಿ ಮಗುವಿನ ಜೊತೆ ಅದರ ಕರುಳಿನ ಜೀವಿಗಳಿಗೂ ಉಣಿಸುತ್ತಾಳೆ.

ರಾಜಕೀಯ ಶುರುವಾಗೋದು ಇಲ್ಲೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಶೇ. 88.6 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಮೊದಲ ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ಶೇ. 41.8 ಮಕ್ಕಳಿಗೆ ಮಾತ್ರ. ಇದನ್ನು ತಾಯಂದಿರ ಅಜ್ಞಾನ ಅಂತ ತಳ್ಳಿಹಾಕೋಕೆ ಆಗಲ್ಲ. ಆ ಗಂಟೆಯಲ್ಲಿ ತಾಯಿ, ಮಗು ಇಬ್ಬರೂ ಇರೋದು ಆಸ್ಪತ್ರೆಯ ಕೈಯಲ್ಲಿ. ಪಕ್ಕದಲ್ಲಿ ನಿಂತು ಹಾಲುಣಿಸಲು ನೆರವಾಗುವ ನರ್ಸ್ ಇದ್ದಾರೋ, ಸಿಸೇರಿಯನ್ ಆದಮೇಲೆ ಮಗುವನ್ನು ತಾಯಿ ಹತ್ತಿರ ತರ್ತಾರೋ ಅನ್ನೋದು ಆಡಳಿತದ ಪ್ರಶ್ನೆ.

ಪೊಟ್ಟಣದ ಸಂಶೋಧನೆ ನಡೀಲಿ, ಸರ್ಕಾರವೇ ದುಡ್ಡು ಹಾಕಲಿ. ಅಷ್ಟರೊಳಗೆ ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ಹೆರಿಗೆ ವಾರ್ಡಿನ ಬಾಗಿಲಲ್ಲಿ ಒಂದು ಬೋರ್ಡ್ ಹಾಕಿಸಿ: ಈ ತಿಂಗಳು ಎಷ್ಟು ಹೆರಿಗೆ, ಮೊದಲ ಗಂಟೆಯಲ್ಲಿ ಎಷ್ಟು ಮಕ್ಕಳಿಗೆ ಎದೆಹಾಲು.